ಮೂರು ಗೇಣಿಗೆ ಎರಡು ಬೆರಳು ಕಮ್ಮಿ

ನಾಲ್ಕಕ್ಕೆ ಎಚ್ಚರಾಗುವುದು. ಏಳುವ ಮೊದಲು, ಹಾಸಿಗೆಯ ಮೇಲೆ ಕೂತೇ, ಹಳೆಯ ನೂಲಿನ ಸೀರೆಯ ಪಟ್ಟಿಯೊಂದನ್ನು ಸೊಂಟಕ್ಕೆ ಎರಡು ಸುತ್ತು ಬಿಗಿಯಾಗಿ ಕಟ್ಟಿಕೊಳ್ಳುವುದು. ನಳದ ನೀರು ಬರುವುದರೊಳಗೆ ಕೊಡ ತೊಳೆದಿಡುವುದು, ಬಂದ ಮೇಲೆ ತುಂಬುವುದು. ಅಂಗಳ ಗುಡಿಸುವುದು. ರಾತ್ರಿಯಿಡೀ ಕಾರ್ಖಾನೆಯ ಸಿಮೆಂಟಿನ ಧೂಳು ಕೂತಿರುತ್ತದಾದ್ದರಿಂದ ಮೊದಲು ಒಣ ಕಸಬರಿಗೆ, ಆಮೇಲೆ ನೀರು. ಮೊದಲೇ ನೀರು ಹಾಕಿದರೆ ಧೂಳು ನೆಲಕ್ಕೆ ಅಂಟಿ ಕೂರುತ್ತದೆ. ಗಂಡನ ಡಬ್ಬಿಗೆ ಐದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅತ್ತೆಗೆ ಎರಡು ರೊಟ್ಟಿ, ಬಿಸಿ ಇರುವಾಗಲೇ ಹಾಲಿನಲ್ಲಿ ಮುರಿದು ನೆನೆಸಿಟ್ಟದ್ದು. ಅತ್ತೆಯ ಮೊಣಕಾಲಿಗೆ ಎಣ್ಣೆ, ಸ್ನಾನಕ್ಕೆ ಬಿಸಿನೀರು, ಬಚ್ಚಲಲ್ಲಿ ಕುರ್ಚಿ. ಕಾರಿನ ಗಾಜಿನ ಧೂಳನ್ನು ಒಣ ಅರಿವೆಯಲ್ಲಿ ಒರೆಸುವುದು. ಕೊನೆಗೆ ಮೊಬೈಲಿನ ಬೆಳಕು ಹಿಡಿದು ಕಾರಿನ ಕೆಳಗೆ ಬಗ್ಗಿ ನೋಡುವುದು: ಎಣ್ಣೆ ಸೋರಿದೆಯೇ?

ಈ ಕೊನೆಯ ಕೆಲಸ ದಾನಮ್ಮನ ಬೆಳಗಿಗೆ ಸೇರಿ ಒಂದು ವರ್ಷವಾಯಿತು. ಅದರ ಹಿಂದಿನದು, ಗಾಜು ಒರೆಸುವುದು, ನಾಲ್ಕು ವರ್ಷದ್ದು. ಅತ್ತೆಯ ಎಣ್ಣೆ, ಕುರ್ಚಿ, ತನ್ನ ಸೊಂಟದ ಪಟ್ಟಿ ಈಚೆಗೆ ಸೇರಿದವು. ಉಳಿದವು ಮದುವೆಯಾಗಿ ಚಿಂಚೋಳಿ ಕಡೆಯ ತವರು ಬಿಟ್ಟು ಕೋಡ್ಲಾಕ್ಕೆ ಬಂದ ಇಪ್ಪತ್ತಾರು ವರ್ಷಗಳಿಂದ ಹಾಗೇ ಇವೆ. ಮನೆಗೆ ಒಂದು ಹೊಸ ವಸ್ತು ಬಂದಾಗ ಗಂಡಸರು ಅದನ್ನು ತಂದೆವು ಅನ್ನುತ್ತಾರೆ. ಅದನ್ನು ಒರೆಸುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳುವ ಮೊದಲೇ ಅದು ಒರೆಸಿಯಾಗಿರುತ್ತದೆ.

ಕಾರು ಬಂದದ್ದು ಅತ್ತೆ ಪೀರಮ್ಮ ಬಚ್ಚಲಲ್ಲಿ ಜಾರಿ ಬಿದ್ದ ವರ್ಷ. ಎಲುಬು ಕೂಡಿತು, ಮೊಣಕಾಲು ಮಾತ್ರ ಮೊದಲಿನಂತೆ ಮಡಚಲಿಲ್ಲ. ಪೀರಮ್ಮನಿಗೆ ಎಪ್ಪತ್ತಾರು. ಪ್ರತಿ ಅಮಾವಾಸ್ಯೆಗೆ ಸನ್ನತಿಯ ಚಂದ್ರಲಾಂಬೆಗೆ ಹೋಗುವುದು ಆಕೆ ನಡೆಸಿಕೊಂಡು ಬಂದ ವ್ರತ. ಗಂಡ ತೀರಿಕೊಂಡ ತಿಂಗಳೂ ತಪ್ಪಿಸಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರದೆ ಎರಡು ಅಮಾವಾಸ್ಯೆ ಮನೆಯಲ್ಲೇ ಕೂತು, ಗೋಡೆಗೆ ಮುಖ ಮಾಡಿ ಊಟ ಬಿಟ್ಟಾಗ, ಮಗ ಲಕ್ಷ್ಮಿಕಾಂತ ಗುಂಡಗುರ್ತಿಯ ಒಬ್ಬರಿಂದ ಹಳೆಯ ಬಿಳಿ ಕಾರೊಂದನ್ನು ಕೊಂಡು ತಂದ.

ಕಾರು ಬಾಗಿಲಿಗೆ ಬಂದು ನಿಂತರೂ ಪೀರಮ್ಮನಿಗೆ ಅದನ್ನು ಹತ್ತಲಾಗಲಿಲ್ಲ. ಒಂದು ಕಾಲು ಎತ್ತಿ ಒಳಗಿಡಬೇಕು, ಆ ಕಾಲಿನ ಮೇಲೆ ಭಾರ ಹಾಕಬೇಕು, ಎರಡೂ ಆಗದು. ಮಗ ಕೆಳಗಿನಿಂದ ನೂಕಿದ. ಸೊಸೆ ಆಚೆ ಬಾಗಿಲಿನಿಂದ ಎಳೆದಳು. ಪೀರಮ್ಮ ನಕ್ಕಳು, ಆಮೇಲೆ ಅತ್ತಳು.

ಮರುದಿನ ಲಕ್ಷ್ಮಿಕಾಂತ ರಜೆ ಹಾಕಿ ಕಾರನ್ನು ಶಹಾಬಾದಿಗೆ ಒಯ್ದ. ಅಲ್ಲಿ ರಸ್ತೆ ಬದಿಯ ಒಬ್ಬ ವೆಲ್ಡಿಂಗಿನವನಿಂದ ನಾಲ್ಕೂ ಗಾಲಿಯ ಸ್ಪ್ರಿಂಗುಗಳನ್ನು ಬಿಚ್ಚಿಸಿ, ಒಂದೊಂದರಿಂದ ಎರಡು ಸುತ್ತು ಕತ್ತರಿಸಿ ತೆಗೆಸಿದ. ಕಾರು ಅಷ್ಟು ಕೆಳಗೆ ಇಳಿಯಿತು. ಊರಿನ ಹುಡುಗರು ಶೋಕಿಗೆ ಮಾಡಿಸುವುದನ್ನು ಅವನು ತಾಯಿಯ ಮೊಣಕಾಲಿಗಾಗಿ ಮಾಡಿಸಿದ್ದ. ದಿನವಿಡೀ ಬಿಸಿಲಲ್ಲಿ ತಾನೂ ಕಾರಿನ ಕೆಳಗೆ ಮಲಗಿ ಕೈಹಚ್ಚಿದ್ದ. ಆ ಅಂಗಿಯ ಗ್ರೀಸು ಬಿಡಲು ದಾನಮ್ಮನಿಗೆ ಮೂರು ತೊಳೆತ ಬೇಕಾಯಿತು. ಆದರೂ ಆ ಸಂಜೆ ತಾಯಿಯನ್ನು ಕಾರಿನಲ್ಲಿ ಕೂಡಿಸಿ ಅವನು ನಿಂತ ರೀತಿ ನೋಡಿ ಆಕೆಗೆ ಗಂಡನ ಮೇಲೆ ಮಮತೆ ಉಕ್ಕಿದ್ದು ಸುಳ್ಳಲ್ಲ.

ಕತ್ತರಿಸಿದ ಸುತ್ತುಗಳಲ್ಲಿ ಒಂದನ್ನು ಪೀರಮ್ಮ ಇಟ್ಟುಕೊಂಡಳು. ಮಂಚದ ಪಕ್ಕದಲ್ಲಿ ಅದರ ಮೇಲೆ ಆಕೆಯ ನೀರಿನ ತಾಮ್ರದ ಚರಿಗೆ ಕೂರುತ್ತದೆ. ಬಂದವರಿಗೆಲ್ಲ ತೋರಿಸುತ್ತಾಳೆ.

"ನೋಡ್ರಿ, ನನ್ನ ಮಗ ನನ್ನ ಸಲುವಾಗಿ ಗಾಡಿನೇ ಬಗ್ಗಿಸ್ಯಾನ. ಯಾರ ಮಗ ಮಾಡ್ಯಾನ ಹಿಂಗ?"

ಓಡಿಸುವುದು ಯಾರು ಎಂಬ ಮಾತು ಆಮೇಲೆ ಬಂತು. ಲಕ್ಷ್ಮಿಕಾಂತನಿಗೆ ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಪಾಳಿ ಕೆಲಸ. ಅಮಾವಾಸ್ಯೆ ಪಾಳಿ ನೋಡಿ ಬರುವುದಿಲ್ಲ. "ನೀನೇ ಕಲಿ" ಅಂದ. ನಲವತ್ತೆರಡನೆಯ ವಯಸ್ಸಿನಲ್ಲಿ ದಾನಮ್ಮ ಸೇಡಮ್ಮಿನ ಡ್ರೈವಿಂಗ್ ಶಾಲೆಗೆ ಹೋಗಿ, ತನ್ನ ಅರ್ಧ ವಯಸ್ಸಿನ ಇಬ್ಬರು ಹುಡುಗಿಯರ ಜೊತೆ ಸರತಿಗೆ ನಿಂತು ಕಲಿತಳು. ಆಕೆಗೆ ಅದು ಇಷ್ಟವಾಯಿತು. ಗೇರು ಬಿದ್ದಾಗ ಅಂಗೈಗೆ ತಿಳಿಯುವುದು ಇಷ್ಟವಾಯಿತು. ಬಿಟ್ಟರೆ ಮುಂದೆ ಹೋಗುವುದು, ಒತ್ತಿದರೆ ನಿಲ್ಲುವುದು. ಮನೆಯಲ್ಲಿ ಇಷ್ಟು ಮಾತು ಕೇಳುವ ಇನ್ನೊಂದು ಇರಲಿಲ್ಲ. ಹೀಗೆ ಗಿರಣಿಯ ಜೋಳ, ಗ್ಯಾಸಿನ ಸಿಲಿಂಡರು, ಅತ್ತೆಯ ಔಷಧಿ, ನಾದಿನಿಯ ಮಗಳ ಸೀಮಂತ, ಎಲ್ಲದಕ್ಕೂ ಡ್ರೈವರು ದಾನಮ್ಮನೇ ಆದಳು.

ಕೆಳಗಿಳಿದ ಕಾರನ್ನು ಓಡಿಸುವುದು ಬೇರೆಯೇ ವಿದ್ಯೆ. ಕೋಡ್ಲಾದಿಂದ ಸೇಡಂ, ಚಿತ್ತಾಪುರ, ವಾಡಿ ದಾಟಿ ಸನ್ನತಿಯವರೆಗಿನ ಒಂದೊಂದು ರಸ್ತೆಯುಬ್ಬೂ ಆಕೆಗೆ ಮುಖಪರಿಚಯ. ಯಾವುದನ್ನು ನೇರವಾಗಿ ದಾಟಬಹುದು, ಯಾವುದಕ್ಕೆ ಗಾಡಿಯನ್ನು ಓರೆ ಮಾಡಿ ಒಂದೊಂದೇ ಗಾಲಿ ಹತ್ತಿಸಬೇಕು, ಎಲ್ಲಿ ಗಾಡಿಯ ಹೊಟ್ಟೆ ತಾಗೇ ತಾಗುತ್ತದೆ. ತಾಗಿದಾಗಲೆಲ್ಲ ಪೀರಮ್ಮ "ಶಿವನೇ" ಅನ್ನುತ್ತಾಳೆ, ಕಾರಿಗೇ ನೋವಾದಂತೆ.

ಮೊದಲ ವರ್ಷ ಬರೀ ಸದ್ದು. ಎರಡನೆಯ ವರ್ಷ ಚಿತ್ತಾಪುರದ ಹತ್ತಿರ ಟೈರು ಒಡೆಯಿತು. ಹೊರಗಿನಿಂದ ನೋಡಿದರೆ ಇನ್ನೂ ಹೊಸದಿತ್ತು. ಒಳಅಂಚು ಮಾತ್ರ ಸವೆದು ದಾರ ಬಿಟ್ಟಿತ್ತು, ನೆಲಕ್ಕೆ ಉಜ್ಜುವ ಸೀರೆಯಂಚಿನ ಹಾಗೆ. ಮೂರನೆಯ ವರ್ಷ ಹಿಂದಿನ ಗಾಲಿಯ ಪಕ್ಕ ಎಣ್ಣೆ ಜಿನುಗತೊಡಗಿತು. ಈಗ ನಾಲ್ಕನೆಯದು. ಹೋದ ವಾರದಿಂದ ಸ್ಟೇರಿಂಗ್ ತಿರುಗಿಸಿದರೆ ಎಡಗಡೆ ಕಟ್ ಕಟ್ ಎನ್ನುತ್ತದೆ, ಹಲ್ಲು ಕಡಿದಂತೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ, ಡಬ್ಬಿ ಕೈಗೆ ತೆಗೆದುಕೊಳ್ಳುತ್ತ ಲಕ್ಷ್ಮಿಕಾಂತ ಹೇಳಿದ:

"ಇವತ್ತ ವಾಡಿಗಿ ಒಯ್ದು ಬಂದೇಅಲಿಗಿ ತೋರಸು. ಸ್ಪ್ರಿಂಗ್ ಹೊಸಾವ ಹಾಕಬೇಕಂದ್ರ ಹಾಕಲಿ. ಆದ್ರ ಮೊದಲಿನಂಗೇ ಎರಡು ಸುತ್ತು ಕತ್ತರಿಸೇ ಹಾಕಲಿ. ಅವ್ವಗ ತ್ರಾಸ ಆಗಬಾರದು."

"ಅವ್ರು ಬ್ಯಾಡಂದ್ರ?"

"ಹನ್ನೊಂದಕ್ಕ ಚಾಕ್ಕ ಬಿಡ್ತಾರ. ಫೋನ್ ಮಾಡ್ತೀನಿ. ನಾ ಮಾತಾಡತನಕ ಏನೂ ಹೂಂ ಅನಬ್ಯಾಡ."

ಮಂಚದ ಮೇಲಿನಿಂದ ಪೀರಮ್ಮ ಕೂಗಿದಳು. "ಏ ದಾನಿ, ಅಮಾಸಿಗಿ ಗಾಡಿ ಬರ್ತದಲ್ಲ?"

"ಬರ್ತದ ಅತ್ತಿ."

"ಬರಲಿಲ್ಲಂದ್ರ ನಿನ್ನ ಹೆಗಲ ಮ್ಯಾಲ ಕುಂತು ಹೋಗ್ತೀನಿ ನೋಡು."

"ಕುಂದ್ರಿ. ಅದೊಂದ ಖಾಲಿ ಅದ."

ಪೀರಮ್ಮ ನಕ್ಕಳು. ಹಾಗೆ ನಗುತ್ತಲೇ ಎರಡೂ ಕೈ ಊರಿ ಮಂಚದಿಂದ ತಾನೇ ಎದ್ದಳು.

ಆ ಮಂಚದ ನಾಲ್ಕು ಕಾಲಿನ ಕೆಳಗೂ ದಾನಮ್ಮ ಶಹಾಬಾದ್ ಕಲ್ಲಿನ ತುಂಡು ಇಟ್ಟಿದ್ದಳು. ಅತ್ತೆ ಬಿದ್ದು ಆಸ್ಪತ್ರೆಯಿಂದ ಬಂದ ವಾರವೇ. ಒಂದು ತುಂಡು ಇಟ್ಟು ನೋಡಿ, ಸಾಲದು ಎಂದು ಇನ್ನೊಂದು ಇಟ್ಟು, ಅತ್ತೆ ಯಾರ ಕೈ ಹಿಡಿಯದೆ ಎದ್ದು ನಿಂತ ಎತ್ತರಕ್ಕೆ ನಿಲ್ಲಿಸಿದ್ದಳು. ಅದನ್ನು ಯಾರೂ ಬಂದವರಿಗೆ ತೋರಿಸಿರಲಿಲ್ಲ. ತೋರಿಸಲು ಏನಿದೆ? ಮಂಚದ ಕೆಳಗಿನ ಕಲ್ಲು.

ವಾಡಿಯಲ್ಲಿ ಬಂದೇಅಲಿಯ ಗ್ಯಾರೇಜು ರೈಲ್ವೆ ಗೇಟಿನ ಈಚೆಗಿದೆ. ಹೆಂಡತಿ ಹುಸ್ನಾ ಅಲ್ಲೇ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸೀಟಿನ ಕವರು ಹೊಲಿಯುತ್ತಾಳೆ. ದಾನಮ್ಮ ಕಾರು ನಿಲ್ಲಿಸಿದಾಗ ಒಂಬತ್ತೂವರೆ.

ಬಂದೇಅಲಿ ಜಾಕ್ ಹಾಕಿ ಮುಂದಿನ ಎಡಗಾಲಿ ಎತ್ತಿದ. ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದ. ಅದು ಅಲುಗಾಡಿತು, ಬೀಳಲಿರುವ ಹಾಲುಹಲ್ಲಿನಂತೆ.

"ಅಕ್ಕಾ, ಇದರಾಗ ಕುಂತು ನೀವು ಕೋಡ್ಲಾದಿಂದ ಬಂದೀರಿ?"

"ಮತ್ತ ಹೊತ್ತುಕೊಂಡು ಬರ್ಲೇನು?"

"ಬರ್ರಿ ಇಲ್ಲಿ, ನೋಡ್ರಿ."

ಆಕೆ ಬಗ್ಗಿದಳು. ಅವನು ಟಾರ್ಚು ಹಿಡಿದು ಒಂದೊಂದೇ ತೋರಿಸಿದ. ಗಾಲಿಯನ್ನು ಹಿಡಿದಿಡುವ ಗುಂಡು ಕೀಲು. ಅದರ ಮೇಲಿನ ರಬ್ಬರ್ ಟೋಪಿ ಹರಿದು ಒಳಗೆ ಸಿಮೆಂಟಿನ ಧೂಳು ಗ್ರೀಸಿನ ಜೊತೆ ಕಲಸಿ ಉಸುಕಾಗಿತ್ತು. ಸ್ಪ್ರಿಂಗಿನ ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರದೆ ಅಲ್ಲೇ ಕಚ್ಚಿ ಗಾಯ ಮಾಡಿತ್ತು. ಶಾಕಬ್ಸರಿನ ಕೊನೆಯಲ್ಲಿ ಬಡಿತ ತಡೆಯಲು ಇಡುವ ರಬ್ಬರು ಪುಡಿಯಾಗಿ ಹೋಗಿತ್ತು.

"ಸ್ಪ್ರಿಂಗಿನ ಕೆಲಸ ಏನ್ರಿ? ರಸ್ತೆದ ಪೆಟ್ಟು ತಾನು ತಿನ್ನೋದು. ತಿನ್ನಲಿಕ್ಕಿ ಅದಕ್ಕ ಜಾಗ ಬೇಕು, ಕೆಳಗ ಹೋಗಿ ಮ್ಯಾಲ ಬರಲಿಕ್ಕಿ. ನೀವು ಆ ಜಾಗ ಕತ್ತರಿಸೀರಿ. ಪೆಟ್ಟೇನು ಕಮ್ಮಿ ಆಗಂಗಿಲ್ಲ. ಅದು ತಿನ್ನಲಿಲ್ಲಂದ್ರ ಶಾಕಬ್ಸರ್ ತಿಂತದ. ಶಾಕಬ್ಸರ್ ಸತ್ತರ ಈ ಕೀಲು ತಿಂತದ. ಪಾಪ, ಇದು ಇಷ್ಟು ದಿನ ಬಾಯಿ ಮುಚ್ಚಿ ತಿಂದದ. ಈಗ ಕಟ್ ಕಟ್ ಅನ್ಲಿಕತ್ತದ."

"ಮುರಿದ್ರ ಏನಾಗ್ತದ?"

"ಗಾಲಿ ಮಲಗ್ತದ. ಓಡೋ ಗಾಡಿದಾಗ."

ಹಿಂದಿನ ಸೀಟಿನಲ್ಲಿ ಕೂತು "ಶಿವನೇ" ಅನ್ನುವ ಮುಖ ದಾನಮ್ಮನ ಕಣ್ಣ ಮುಂದೆ ಬಂತು.

"ಕೀಲು, ಶಾಕಬ್ಸರ್, ಸ್ಪ್ರಿಂಗ್ ಎಲ್ಲಾ ಹೊಸಾವ ಹಾಕ್ತೀನಿ" ಅಂದ ಬಂದೇಅಲಿ. "ಸಾಮಾನು ಅದ. ಸಂಜಿಗಿ ಗಾಡಿ ಕೊಡ್ತೀನಿ. ಆದ್ರ ಸ್ಪ್ರಿಂಗ್ ಪೂರಾ ಎತ್ತರದ್ದ ಹಾಕ್ಬೇಕು."

"ಅವ್ರು ಕತ್ತರಿಸಿ ಹಾಕು ಅಂದಾರ. ಅತ್ತಿಗಿ ಹತ್ಲಿಕ್ಕಿ ಆಗಂಗಿಲ್ಲ."

ಅವನು ಕೈ ಒರೆಸಿಕೊಂಡ. "ಸಾಹೇಬ್ರು ಹೇಳಿದ್ರ ಕತ್ತರಸ್ತೀನಿ. ಮೂರು ವರ್ಷಕ್ಕ ಮತ್ತ ಇಲ್ಲಿಗೇ ಬರ್ತೀರಿ. ದಾರಿದಾಗ ಗಾಡಿ ಎಲ್ಲಿ ಕೆಟ್ಟು ನಿಂತೀತು ಅಂತ ಮಾತ್ರ ನಾ ಹೇಳಂಗಿಲ್ಲ. ಸಾಹೇಬ್ರ ಫೋನ್ ಬರಲಿ, ಅಷ್ಟರಾಗ ಗಾಲಿ ಬಿಚ್ಚಿರ್ತೀನಿ. ಮೊದಲ ಹಿಂದಿನ ಸೀಟಿನ ಸಾಮಾನು ತಕ್ಕೋರಿ."

ಅವನು ಜಾಕ್ ಇಳಿಸಿದ. ಹಿಂದಿನ ಸೀಟಿನಲ್ಲಿ ಅತ್ತೆಯ ದಿಂಬು, ನೀರಿನ ಬಾಟಲಿ, ಕುಂಕುಮದ ಪೊಟ್ಟಣ ಇದ್ದವು. ದಾನಮ್ಮ ಅವನ್ನು ತೆಗೆಯಲೆಂದು ಒಳಗೆ ಕೂತಳು. ನಾಲ್ಕು ವರ್ಷದಲ್ಲಿ ಆಕೆ ಈ ಸೀಟಿನ ಮೇಲೆ ಕೂತದ್ದು ಅದೇ ಮೊದಲು. ಆಕೆಯ ಜಾಗ ಯಾವಾಗಲೂ ಸ್ಟೇರಿಂಗಿನ ಹಿಂದೆ. ಕೂರುವಾಗ ಸುಖವೇ ಇತ್ತು. ಏಳುವಾಗ ಆಗಲಿಲ್ಲ. ಮೊಣಕಾಲು ಎದೆಯ ಹತ್ತಿರ, ಸೊಂಟ ಎಲ್ಲೋ ಕೆಳಗೆ. ಬಾಗಿಲು ಹಿಡಿದು ಜೀಕಿದಳು. ಪಟ್ಟಿ ಕಟ್ಟಿದ್ದ ಸೊಂಟದಲ್ಲಿ ಚಳುಕು ಹೊಡೆದು ಬಾಯಿಂದ "ಯವ್ವಾ" ಬಂತು.

ಆ ಸದ್ದು ಕೇಳಿ ಆಕೆ ಹಾಗೇ ಅರ್ಧ ಎದ್ದವಳು ಮತ್ತೆ ಕೂತಳು.

ಇದೇ ಸದ್ದು ಆಕೆಯ ಬಾಯಿಂದ ಮೊದಲೂ ಬಂದಿತ್ತು. ಸನ್ನತಿಯಲ್ಲಿ, ಗುಡಿಯ ಮುಂದೆ, ನಾಲ್ಕು ಅಮಾವಾಸ್ಯೆ ಹಿಂದೆ. ಕಾರಿನಿಂದ ಅತ್ತೆಯನ್ನು ಇಳಿಸುವುದೆಂದರೆ ಆಕೆಯ ಕಂಕುಳಿಗೆ ಕೈಕೊಟ್ಟು, ತನ್ನ ಮೊಣಕಾಲನ್ನು ಬಾಗಿಲಿಗೆ ಒತ್ತಿ, ಇಡೀ ಭಾರ ಎಳೆದು ನಿಲ್ಲಿಸುವುದು. ಆವತ್ತು ಎಳೆಯುವಾಗ ಸೊಂಟ ಹಿಡಿದುಕೊಂಡಿತ್ತು, "ಯವ್ವಾ" ಅಂದಿದ್ದಳು. ಪೀರಮ್ಮ ಆಕೆಯ ಮುಖ ನೋಡಿದ್ದಳು. ಮುಂದಿನ ಅಮಾವಾಸ್ಯೆಯಿಂದ ಪೀರಮ್ಮ ಸನ್ನತಿಯಲ್ಲಿ ಕಾರಿನಿಂದ ಇಳಿಯುವುದನ್ನೇ ಬಿಟ್ಟಳು.

"ಮಂದಿ ಭಾಳ ಅದ. ನೀ ಹೋಗಿ ಕಾಯಿ ಒಡಿಸ್ಕೊಂಡು ಬಾ. ನಾ ಇಲ್ಲಿಂದೇ ಕೈ ಮುಗೀತೀನಿ."

ಮೂರು ಸಲ ಹಾಗೆ. ಮೂರು ಸಲವೂ ಮಂದಿ ಇರಲಿಲ್ಲ. ವಯಸ್ಸಾಯಿತು, ಭಕ್ತಿಯೂ ದಣಿಯುತ್ತದೆ ಅಂದುಕೊಂಡಿದ್ದಳು ದಾನಮ್ಮ. ಮೊದಲೆಲ್ಲ ಗುಡಿಯ ಗೋಡೆ ಸವರುತ್ತ ಒಂದು ಸುತ್ತು ಬಂದಲ್ಲದೆ ಹೊರಡದ ಹೆಂಗಸು, ಈಗ ಕಾರಿನ ಗಾಜಿನ ಆಚೆಯಿಂದ ದೇವಿಯನ್ನಲ್ಲ, ಗುಡಿಯ ಗೋಡೆಯನ್ನು ನೋಡಿ ಬರುತ್ತಿದ್ದಳು. ಸೊಸೆಯ ಸೊಂಟಕ್ಕಾಗಿ, ಮನೆಯಲ್ಲಿ ಇಳಿಸುವುದು ಹೇಗೂ ತಪ್ಪದು, ಇಲ್ಲಿಯದಾದರೂ ಉಳಿಯಲಿ ಎಂದು. ಒಂದು ಮಾತೂ ಆಡದೆ. ಯಾಕೆಂದರೆ ಏಳಲಾಗುವುದಿಲ್ಲ ಅಂದರೆ ಮಗ ಬಗ್ಗಿಸಿದ ಗಾಡಿ ಸುಳ್ಳಾಗುತ್ತದೆ. ಸೊಸೆಯೂ ಆಡಿರಲಿಲ್ಲ, ಅದೇ ಕಾರಣಕ್ಕೆ. ಲಕ್ಷ್ಮಿಕಾಂತ ತಾಯಿ ಕಾರಿನಲ್ಲಿ ಕೂರುವುದನ್ನು ನೋಡಿದ್ದ. ಇಳಿಯುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ, ಆ ಮೊದಲ ಸಂಜೆಯೂ ಅವನು ಕೈಯ ಗ್ರೀಸು ತೊಳೆಯಲು ಹೋದಾಗ ಇಳಿಸಿದವಳು ದಾನಮ್ಮನೇ. ಆಮೇಲೆಲ್ಲ ಅದು ಅವನ ಪಾಳಿಯ ಹೊತ್ತು.

"ಅಕ್ಕಾ, ಏನಾಯ್ತು? ಸೊಂಟಾ?" ಹುಸ್ನಾ ಹೊಲಿಗೆ ಬಿಟ್ಟು ಬಂದಿದ್ದಳು. ಕೈ ಕೊಟ್ಟು ಎಬ್ಬಿಸಿದಳು. "ಚಾ ತರ್ತೀನಿ, ಕುಂದ್ರಿ."

"ಕುಂತದ್ದು ಸಾಕು ಹುಸ್ನಾ."

ದಾನಮ್ಮ ನೆಲಕ್ಕೆ ಕಿರುಬೆರಳು ಊರಿ, ಕೈ ಅಗಲಿಸಿ, ಸೀಟಿನ ಎತ್ತರ ಅಳೆದಳು. ಎರಡು ಗೇಣು, ನಾಲ್ಕು ಬೆರಳು.

ಮನೆಯ ಮಂಚ ಎಷ್ಟೆಂದು ಅಳೆಯಬೇಕಾಗಿರಲಿಲ್ಲ. ಆ ಕಲ್ಲುಗಳನ್ನು ಜೋಡಿಸಿದ ಕೈಗೆ ಅದು ಬಾಯಿಪಾಠ: ಮೂರು ಗೇಣಿಗೆ ಎರಡು ಬೆರಳು ಕಮ್ಮಿ.

ಗ್ಯಾರೇಜಿನ ಬೇವಿನ ಮರದ ಕೆಳಗೆ ಇಂಥದೇ ಇನ್ನೊಂದು ಕಾರು ನಿಂತಿತ್ತು, ಕೆಂಪು ಬಣ್ಣದ್ದು.

"ಅದರ ಸ್ಪ್ರಿಂಗ್ ಕತ್ತರಿಸಿಲ್ಲಲ್ಲ?"

"ಇಲ್ರಿ. ಮಾಸ್ತರ ಗಾಡಿ ಅದು. ಬರೇ ಬ್ರೇಕಿಗಿ ಬಂದದ" ಅಂದ ಬಂದೇಅಲಿ ಗಾಲಿಯ ಮರೆಯಿಂದ.

ಆಕೆ ಹೋಗಿ ಅದರ ಹಿಂದಿನ ಬಾಗಿಲು ತೆಗೆದಳು. ನೆಲದಿಂದ ಸೀಟಿಗೆ ಗೇಣು ಹಾಕಿದಳು. ಒಂದು, ಎರಡು, ಮೂರಕ್ಕೆ ಎರಡು ಬೆರಳು ಉಳಿಯಿತು. ನಂಬಿಕೆಯಾಗದೆ ಮತ್ತೊಮ್ಮೆ ಅಳೆದಳು.

"ಏನು ಅಕ್ಕಾ, ಗಾಡಿಗಿ ಕುಪ್ಪಸ ಹೊಲೀತೀರೇನು?" ಹುಸ್ನಾ ನಕ್ಕಳು.

"ತಡಿ."

ಕೂರುವುದರಲ್ಲಿ ತೊಂದರೆಯಿಲ್ಲ, ಎತ್ತರ ಮಂಚದ್ದೇ. ಮತ್ತೆ ಆ ಮೊದಲ ದಿನ ಯಾಕೆ ಹತ್ತಲಾಗಲಿಲ್ಲ? ದಾನಮ್ಮ ಆ ದಿನವನ್ನು ಮತ್ತೆ ನೋಡಿದಳು. ಮಗ ತಾಯಿಯನ್ನು ಬಸ್ಸು ಹತ್ತಿಸುವಂತೆ ಹತ್ತಿಸಿದ್ದ. ಮುಖ ಒಳಗೆ, ಕಾಲು ಮೊದಲು. ಆಚೆಯಿಂದ ತಾನೂ ಎಳೆದಿದ್ದಳು, ಬೇರೆ ದಾರಿ ಹೊಳೆಯದೆ. ಮಂಚದ ಮೇಲೆ ಪೀರಮ್ಮ ಹಾಗೆ ಹತ್ತುತ್ತಾಳೆಯೇ? ಯಾರಾದರೂ ಹತ್ತುತ್ತಾರೆಯೇ? ಮಂಚಕ್ಕೆ ಬೆನ್ನು ಮಾಡಿ ನಿಲ್ಲುತ್ತಾಳೆ, ಕೂರುತ್ತಾಳೆ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ತಿರುಗಿಸಿ ಮೇಲೆಳೆದುಕೊಳ್ಳುತ್ತಾಳೆ.

ದಾನಮ್ಮ ಕೆಂಪು ಕಾರಿಗೆ ಬೆನ್ನು ಮಾಡಿದಳು. ತಲೆ ತಗ್ಗಿಸಿ, ಮೆಲ್ಲಗೆ ಸೀಟಿನ ಅಂಚಿಗೆ ಕೂತಳು. ಕಾಲು ಇನ್ನೂ ನೆಲದ ಮೇಲೇ ಇದ್ದವು. ಕೈಯಿಂದ ಸೀಟು ಹಿಡಿದು, ಎರಡೂ ಮೊಣಕಾಲನ್ನು ಕೂಡಿಸಿ ಒಳಗೆ ತಿರುಗಿದಳು. ಸೀಟಿನ ಒರಟು ಬಟ್ಟೆ ಸ್ವಲ್ಪ ತಡೆಯಿತು. ಕಾಲಿನ ಮೇಲೆ ಭಾರ ಬೀಳಲೇ ಇಲ್ಲ. ಮತ್ತೆ ಹೊರಗೆ ತಿರುಗಿದಳು, ಅಂಗೈ ಊರಿದಳು, ಎದ್ದಳು. ಬಾಯಿಂದ ಯಾವ ಸದ್ದೂ ಬರಲಿಲ್ಲ.

ಇನ್ನೊಮ್ಮೆ ಮಾಡಿದಳು. ಈ ಸಲ ಅತ್ತೆಯ ಬಲಗಾಲಿನಂತೆ ತನ್ನ ಬಲಗಾಲನ್ನು ಮಡಚದೆ ನೆಟ್ಟಗೆ ಇಟ್ಟುಕೊಂಡು. ಒಳಗೆ ಬರುವಾಗ ಹಿಮ್ಮಡಿ ಬಾಗಿಲ ಅಂಚಿಗೆ ತಾಗಿತು. ಕಾಲನ್ನು ಕೈಯಿಂದ ತುಸು ಎತ್ತಿ ಒಳಗಿಟ್ಟರೆ ಸಾಕಿತ್ತು. ಅಷ್ಟು ಪೀರಮ್ಮ ತಾನೇ ಮಾಡಿಕೊಳ್ಳುತ್ತಾಳೆ, ಮಂಚದ ಮೇಲೆ ದಿನಾ ಮಾಡುವುದೇ.

"ಹುಸ್ನಾ, ನಿನ್ನ ಹತ್ರ ನುಣ್ಣನ ಬಟ್ಟಿ ಏನರೆ ಅದ ಏನು? ಸೀಟಿನ ಮ್ಯಾಲ ಹಾಕಿದ್ರ ಜಾರಿ ತಿರುಗಬೇಕು, ಅಂಥಾದ್ದು."

"ಸಾಟಿನ್ ತುಂಡು ಅದ ಅಕ್ಕಾ. ಮದುವಿ ಗಾಡಿಗಿ ಹೊಲಿದು ಉಳಿದದ್ದು. ಗುಲಾಬಿ ಬಣ್ಣ."

"ನಡೀತದ. ನಮ್ಮತ್ತಿಗಿ ಗುಲಾಬಿ ಅಂದ್ರ ಭಾಳ ಆಸಿ. ಹೊರಗ ತೋರಸಂಗಿಲ್ಲ ಅಷ್ಟೇ."

ಹುಸ್ನಾ ಒಳಗೆ ಹೋದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಬಂದೇಅಲಿ ಗಾಲಿ ಬಿಚ್ಚಿ ಮುಗಿಸಿ, ಹೊಸ ಸ್ಪ್ರಿಂಗನ್ನು ಡಬ್ಬಿಯಿಂದ ತೆಗೆದು ಕಟ್ಟೆಯ ಮೇಲೆ ನಿಲ್ಲಿಸಿದ್ದ. ಪಕ್ಕದಲ್ಲಿ ಕತ್ತರಿಸುವ ಯಂತ್ರದ ವೈರು ಬಿಚ್ಚಿಟ್ಟಿದ್ದ. ಯಾವುದಕ್ಕಾದರೂ ತಯಾರಿದ್ದ.

ದಾನಮ್ಮ ಬೇವಿನ ನೆರಳಲ್ಲಿ ನಿಂತಳು. ಅಳತೆ ಗೇಣಿನದು, ಬೆರಳು ತಪ್ಪಿರಬಹುದು. ತಪ್ಪಿದರೆ ನಾಡಿದ್ದು ಅಂಗಳದಲ್ಲಿ, ಊರವರ ಎದುರಿಗೆ, ಪೀರಮ್ಮ ಕಾರು ಹತ್ತಲಾಗದೆ ನಿಲ್ಲುತ್ತಾಳೆ. ಆಮೇಲೆ ಸನ್ನತಿಯೇ ಇಲ್ಲ. ಲಕ್ಷ್ಮಿಕಾಂತ ಎಂದೂ ಕೂಗಾಡುವವನಲ್ಲ. ಸುಮ್ಮನಾಗುತ್ತಾನೆ. ತಾನು ಬಿಸಿಲಲ್ಲಿ ಮಲಗಿ ಮಾಡಿದ್ದನ್ನು ಹೆಂಡತಿ ಒಂದು ಮಾತೂ ಕೇಳದೆ ಎತ್ತಿಹಾಕಿದಳು ಎಂದು ಎಷ್ಟೋ ದಿನ ಡಬ್ಬಿಯನ್ನು ಮುಖ ನೋಡದೆ ತೆಗೆದುಕೊಳ್ಳುತ್ತಾನೆ. ಆ ಮೌನ ಆಕೆಗೆ ಗೊತ್ತು. ಇನ್ನು ಪೀರಮ್ಮ, ಬಂದವರಿಗೆ ಏನು ತೋರಿಸಬೇಕು?

ಹದಿನೈದು ನಿಮಿಷ ಕಾಯಬಹುದಿತ್ತು. ಫೋನು ಬರುತ್ತಿತ್ತು. ಅವನು ಕೇಳುತ್ತಿದ್ದ, ಆಕೆ ವಿವರಿಸುತ್ತಿದ್ದಳು, ಗೇಣು, ಬೆರಳು, ಬೆನ್ನು ಮಾಡಿ ಕೂರುವುದು. ಪ್ಯಾಕಿಂಗ್ ಯಂತ್ರಗಳ ಗದ್ದಲದಲ್ಲಿ ಅವನು "ಏನು? ಏನು?" ಅನ್ನುತ್ತಿದ್ದ. ಕೊನೆಗೆ, "ಮೊದಲಿನಂಗೇ ಇರಲಿ ಬಿಡು" ಅನ್ನುತ್ತಿದ್ದ. ಕೆಟ್ಟತನದಿಂದಲ್ಲ. ಅವನು ಆ ಇಳಿಯುವುದನ್ನು ನೋಡಿಲ್ಲ.

ನೋಡಿದವಳು ಆಕೆ ಒಬ್ಬಳೇ.

ಆಕೆ ಫೋನನ್ನು ತೆಗೆದು, ಸದ್ದು ಆರಿಸಿ, ಅತ್ತೆಯ ದಿಂಬಿನ ಮೇಲಿಟ್ಟಳು. ಬಂದೇಅಲಿಯ ಹತ್ತಿರ ಬಂದಳು.

"ಅಣ್ಣಾ, ಕತ್ತರಸಬ್ಯಾಡ್ರಿ."

ಅವನು ತಲೆಯೆತ್ತಿದ. "ಸಾಹೇಬ್ರು ಫೋನ್ ಮಾಡಿದ್ರಾ?"

"ಇಲ್ಲ. ಪೂರಾ ಎತ್ತರದ್ದ ಹಾಕ್ರಿ. ನಾಕೂ ಗಾಲಿಗಿ."